ಆಯಿಯ ಮನೆ ಬಿಚ್ಚಿದ್ದು

ಆ ಮನೆಯ ಮೇಲೆ ನಮ್ಮ ಆಯಿಗೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಮನೆ ತೆಗೆಸಿದೆವು ಎಂದ ಕೂಡಲೇ ಜನ ಮುಖ ಸಣ್ಣದು ಮಾಡಿಕೊಂಡು, "ಆಯಿ ಭಾಳ ಅತ್ತಿರಬೇಕಲ್ಲ?" ಎನ್ನುತ್ತಾರೆ. ಆಯಿ ಅಳಲಿಲ್ಲ. ಆಯಿ ಎಂದರೆ ನಮ್ಮ ಕಡೆ ಅಪ್ಪನ ತಾಯಿ. ನಮ್ಮ ಆಯಿ ಊರಿನಲ್ಲೇ ಎತ್ತರದ ಹೆಂಗಸು. ಆ ಮನೆಯ ಅಡುಗೆಕೋಣೆಯ ಬಾಗಿಲು ಊರಿನಲ್ಲೇ ಗಿಡ್ಡ ಬಾಗಿಲು. ಮದುವೆಯಾಗಿ ಬಂದ ದಿನ ಅದರ ಮೇಲಿನ ಅಡ್ಡಪಟ್ಟಿಗೆ ಹಣೆ ಬಡಿಸಿಕೊಂಡು ಒಳಗೆ ಹೋದವಳು, ಆಮೇಲೆ ಎಷ್ಟು ಸಲ ಬಡಿಸಿಕೊಂಡಳೋ ಲೆಕ್ಕವಿಲ್ಲ.

"ಈ ಮನಿ ಕಟ್ಟಿದಾಂವ ಕುಳ್ಳ ಇದ್ದ," ಎನ್ನುತ್ತಿದ್ದಳು. "ಕುಳ್ಳ ಇರ್ಲಿ, ಅದು ಅವನ ತಪ್ಪಲ್ಲ. ಆದ್ರ ಬರಾಕಿ ಸೊಸಿನೂ ಕುಳ್ಳಿನ ಇರ್ತಾಳ ಅಂತ ತಿಳಕೊಂಡಿದ್ದ ನೋಡು, ಅದು ತಪ್ಪ."

ಇಷ್ಟು ಚೊಕ್ಕ ವಾದವನ್ನು ನಾನು ಯಾವ ಚರ್ಚಾಸ್ಪರ್ಧೆಯಲ್ಲೂ ಕೇಳಿಲ್ಲ. ಕಾಲೇಜು ದಿನಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಎಲ್ಲಿ ಚರ್ಚೆ ಇದ್ದರೂ ಬಸ್ಸು ಹತ್ತಿದವಳು ನಾನು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಸ್ಪರ್ಧೆಗಳು ಮುಗಿದರೂ ಚಟ ಮುಗಿಯಲಿಲ್ಲ. ಯಾರಾದರೂ "ಹಿಂದಿನಿಂದ ಹಿಂಗ ಐತಿ" ಎಂದರೆ ಸಾಕು, "ಯಾರು ಹೇಳ್ಯಾರ? ಪುರಾವೆ?" ಎಂದು ಕೇಳುವ ಬಾಯಿ ನನ್ನದು.

ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮೂರು ವರ್ಷದಿಂದ ನಾವೆಲ್ಲ ಹೊಲದಲ್ಲಿ ಕಟ್ಟಿಕೊಂಡ ಎರಡು ಕೋಣೆಯಲ್ಲಿದ್ದೆವು. ಗಲ್ಲಿಯ ಹಳೆಯ ಮನೆಗೆ ಬೀಗ. ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಒಂದು ಬೇಸಿಗೆ ಪಂಚಾಯಿತಿಯಿಂದ ಕಾಗದ ಬಂತು: ನಿಮ್ಮ ಮನೆಯ ಗಲ್ಲಿಯ ಕಡೆಯ ಗೋಡೆ ವಾಲಿದೆ, ಶಾಲೆಯ ಮಕ್ಕಳು ಓಡಾಡುವ ದಾರಿ, ಮಳೆಗಾಲಕ್ಕೆ ಮುಂಚೆ ದುರಸ್ತಿ ಮಾಡಿ, ಇಲ್ಲವೇ ಸುರಕ್ಷಿತವಾಗಿ ತೆಗೆಯಿರಿ.

ಆಯಿ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. "ಸರಕಾರದವರಿಗೂ ಆ ಮನಿ ಸೇರಲಿಲ್ಲ ನೋಡು," ಎಂದು ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಅಪ್ಪನಿಗೆ ಅಪ್ಪಣೆಯಾಯಿತು. ಅದೇ ಜಾಗದಲ್ಲಿ ಹೊಸ ಮನೆ. ಅಡುಗೆಕೋಣೆಗೆ ಕಿಟಕಿ. ನಿಂತು ರೊಟ್ಟಿ ಬಡಿಯುವ ಕಟ್ಟೆ. ಅವಳಿಗೆ ಹೊಲದ ಮನೆ ಬೇಡವಾಗಿತ್ತು. ಅವಳ ಓರಗೆಯವರೆಲ್ಲ ಗಲ್ಲಿಯಲ್ಲೇ ಇದ್ದರು. "ಎಮ್ಮಿ ಜೋಡಿ ಎಷ್ಟಂತ ಮಾತಾಡ್ಲಿ?"

ಅಪ್ಪ ರಾಯಬಾಗದ ಕಡೆ ಮಾಸ್ತರ, ಜಗಳಕ್ಕೆ ನಿಲ್ಲುವವನಲ್ಲ. "ಜೆಸಿಬಿ ತರಸ್ತೀನಿ. ಒಂದ ತಾಸಿನ ಕೆಲಸ," ಎಂದ.

"ಅಪ್ಪಾ, ಹಂಗ ಕೆಡವಾಕ ಬರಂಗಿಲ್ಲ," ಎಂದೆ. "ಪರವಾನಗಿ ಬೇಕು. ಅತ್ತಿಗೋಳ ಸಹಿ ಬೇಕು. ಕರೆಂಟ ತಗಸಬೇಕು."

"ನಮ್ಮ ಮನಿ ನಾವ ಕೆಡವಾಕ ಯಾರ ಪರವಾನಗಿಲೇ?"

ವಿಷಯ ಸಿಕ್ಕಿತು. ಒಂದು ವಾರ ನನಗೆ ಹಬ್ಬ. ಉತಾರ ತೆಗೆಸಿದೆ, ಮನೆಯ ಮಾಲಿಕರು ಯಾರೆಂದು ಹೇಳುವ ಆ ಹಾಳೆಯಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ವಾರಸುದಾರರೆಲ್ಲರ ಒಪ್ಪಿಗೆ ಪತ್ರ ಬರೆದು, ಕಾಗವಾಡದ ಅತ್ತೆ, ಪಾಲಬಾವಿಯ ಅತ್ತೆ ಇಬ್ಬರ ಮನೆಗೂ ಹೋಗಿ ಉಂಡು ಸಹಿ ತಂದೆ. ವಿದ್ಯುತ್ ಕಚೇರಿಯ ಮನುಷ್ಯ ಬಂದು ಕಂಬದಿಂದಲೇ ವಯರು ಬಿಚ್ಚಿ, ಮೀಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಳದ ಬಾಯಿ ಮುಚ್ಚಿಸಿದೆ. ಪಂಚಾಯಿತಿಯ ಅರ್ಜಿಯಲ್ಲಿ ಎಲ್ಲ ತುಂಬಿದ ಮೇಲೆ ಒಂದೇ ಪ್ರಶ್ನೆ ಉಳಿಯಿತು. ನೆರೆಯವರೊಂದಿಗೆ ಗೋಡೆ ಜಂಟಿಯಾಗಿದೆಯೇ? ಹೌದಾದರೆ ಅವರ ಲಿಖಿತ ಒಪ್ಪಿಗೆ ಲಗತ್ತಿಸಿ.

ನಮ್ಮ ಪೂರ್ವದ ಗೋಡೆಯ ಆಚೆ ಕಾಕಾನ ಮನೆ. ಕಾಕಾ ಎಂದು ಕರೆದರೂ ರಕ್ತಸಂಬಂಧವಿಲ್ಲ. ಅವರು ಜೈನರು, ಹಾರೂಗೇರಿಯಲ್ಲಿ ಕಾಳಿನ ಅಂಗಡಿ. ನಮ್ಮ ಮುತ್ತಜ್ಜನ ಕಾಲದಿಂದ ಎರಡೂ ಮನೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು. ಅವರ ಅಡುಗೆಮನೆ, ನಮ್ಮ ಅಡುಗೆಮನೆ, ನಡುವೆ ಆ ಒಂದು ಗೋಡೆ. ಸಂಜೆ ಸೂರ್ಯ ಮುಳುಗುವ ಮೊದಲೇ ಅವರ ಊಟ ಆಗಿರುತ್ತದೆ ಎಂದು ಗೊತ್ತಿದ್ದರಿಂದ, ಅದಾದ ಮೇಲೆ ಅವರ ಕಟ್ಟೆಗೆ ಹೋದೆ. ಆಯಿ ಆಗಲೇ ಅಲ್ಲಿ ಕಾಕಾನ ಹೆಂಡತಿ ಕಾಕುವಿನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು.

"ಆ ಗ್ವಾಡಿ ಸಾಮಾಯಿಕ ಐತ್ಯವಾ," ಎಂದರು ಕಾಕಾ. "ಇಬ್ಬರದೂ. ಅದನ್ನ ಬಿಟ್ಟು ಉಳಿದ ಮೂರು ತಕ್ಕೋರಿ. ಅದು ಬಿದ್ರ ನಮ್ಮ ಅಡಗಿಮನಿ ಮಾಳಿಗಿನೂ ಬೀಳತೈತಿ."

"ಕಾಗದ ಐತೇನ್ರಿ ಕಾಕಾ?"

"ಕಾಗದ ಎಲ್ಲೀದು? ನಮ್ಮಪ್ಪ ಹೇಳ್ತಿದ್ದ."

"ಹೇಳ್ತಿದ್ರು ಅನ್ನೂದು ಪುರಾವೆ ಆಗಂಗಿಲ್ರಿ. ಇಲ್ಲಿ ನೋಡ್ರಿ." ಅಜ್ಜ ಮತ್ತು ಅವನ ತಮ್ಮ ಬೇರೆಯಾದಾಗ ಬರೆದ ಹಳೆಯ ವಾಟ್ನಿ ಪತ್ರವನ್ನು ಬಿಚ್ಚಿದೆ. "'ನಾಲ್ಕೂ ಗೋಡೆ ಸಹಿತ ಮನೆ' ಅಂತ ಬರದಾರ. ನಾಕೂ ಅಂದ್ರ ನಾಕೂ ಅಲ್ರಿ? ಮೂರೂವರೆ ಅಂತ ಬರದಿಲ್ಲಲ್ಲ?"

ಕಾಕಾ ಕನ್ನಡಕ ಹಾಕಿಕೊಂಡು ಓದಿದರು. ಬೆರಳಿಟ್ಟು ಇನ್ನೊಮ್ಮೆ ಓದಿದರು. "ಹೌದು, ನಾಕೂ ಅಂತನ ಐತಿ," ಎಂದು ಪತ್ರವನ್ನು ಮಡಿಸಿ ಕೊಟ್ಟರು. "ಗೆದ್ದಿ ಬಿಡವಾ. ಶಾಣ್ಯಾಕಿ ಇದ್ದಿ."

ಆಯಿ ಶೇಂಗಾ ಸುಲಿಯುತ್ತಲೇ ಇದ್ದಳು. ನಾನು ಮನೆಗೆ ಬಂದು ಅರ್ಜಿಯಲ್ಲಿ 'ಇಲ್ಲ' ಎಂದು ಬರೆದೆ. ಪರವಾನಗಿ ಬಂತು.

ಕೆಲಸಕ್ಕೆ ಸಿಕ್ಕವನು ಪಾಲಬಾವಿಯ ಅತ್ತೆ ಹೇಳಿಕಳಿಸಿದ ಗೌಂಡಿ, ಅರವತ್ತು ದಾಟಿದ ಗಾರೆಕೆಲಸದವನು. ಜೊತೆಗೆ ಅವನದೇ ವಯಸ್ಸಿನ ಮೂವರು. ಮನೆಯನ್ನು ಒಳಗೂ ಹೊರಗೂ ಸುತ್ತಿ, ಕಂಬಗಳನ್ನು ಎಮ್ಮೆ ತಟ್ಟಿದ ಹಾಗೆ ತಟ್ಟಿ ನೋಡಿ, "ಜೆಸಿಬಿ ಬ್ಯಾಡ್ರಿ ಮಾಸ್ತರ," ಎಂದ. "ಇದು ಕೆಡವೂ ಮನಿ ಅಲ್ಲ, ಬಿಚ್ಚೂ ಮನಿ. ಒಂದ ಕಬ್ಬಿಣದ ಮೊಳಿ ಇಲ್ಲ ಇದಕ್ಕ. ಎಲ್ಲಾ ತೂತು-ಕಟ್ಟಿಗಿ ಕೂಡಿಸ್ಯಾರ. ಕಟ್ಟಿದಾಂವ ಹೆಂಗ ಹತ್ಯಾನೋ ನಾವು ಹಂಗ ಉಲ್ಟಾ ಇಳೀಬೇಕು. ಮೊದಲ ಮಾಳಗಿ ಮಣ್ಣ, ಆಮ್ಯಾಲೆ ಹಲಗಿ, ಜಂತಿ, ತೊಲಿ. ಗ್ವಾಡಿ ಮ್ಯಾಲಿಂದ ಕೆಳಗ. ಬಾಗಲಾ ಕಡೀಕ."

"ಬಾಗಲಾ ಕಡೀಕ ಯಾಕ?" ಆಯಿಗೆ ಇದು ಸೇರಲಿಲ್ಲ. "ಬಾಗಲಾ ಮೊದಲ ತಗೀರಿ. ನಂದ ಅದರ ಜೋಡಿ ಲೆಕ್ಕ ಐತಿ."

"ಬಾಗಲದ ಮ್ಯಾಲೆ ಗ್ವಾಡಿ ಕುಂತೈತಿ ಆಯಿ. ಅದನ್ನ ಮೊದಲ ತಗದ್ರ ನಿಮ್ಮ ಲೆಕ್ಕ ಚುಕ್ತಾ ಆಗತೈತಿ, ನಮ್ದೂ ಆಗತೈತಿ."

ಕೆಲಸ ಶುರುವಾದ ದಿನ ಗಲ್ಲಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಶಾಲೆಗೆ ಹೋಗಿ ಮಕ್ಕಳನ್ನು ಬಸವಣ್ಣನ ಗುಡಿಯ ಕಡೆಯಿಂದ ಕಳಿಸಿ ಎಂದು ಹೇಳಿಬಂದೆ. ತಲೆಗೆ ಏನಾದರೂ ಬೇಕು ಎಂದು ಹಟ ಹಿಡಿದು ಗೌಂಡಿಗೆ ನನ್ನ ಸ್ಕೂಟಿಯ ಹೆಲ್ಮೆಟ್ ಹಾಕಿಸಿದೆ. ಅವನು ಅರ್ಧ ದಿನ ಅದನ್ನು ಹಾಕಿಕೊಂಡೇ ಮಾಳಿಗೆಯ ಮೇಲೆ ಓಡಾಡಿದ. ಕೆಳಗಿನಿಂದ ಆಯಿ, "ಗೌಂಡಿ, ಪೊಲೀಸರು ಹಿಡೀತಾರ, ಲಾಯಸೆನ್ಸ ಐತೇನು?" ಎಂದು ಕೇಳಿದ್ದು ಅವನಿಗೆ ಕೇಳಿಸಲೇ ಇಲ್ಲ; ಕಿವಿ ಮುಚ್ಚಿತ್ತು. ಕೇಳಿಸದಿದ್ದರೆ ಅದೇ ಅಪಾಯ ಎಂದು ಅವನು ವಾದಿಸಿದ. ವಾದ ಸರಿಯಾಗಿತ್ತು. ಮಧ್ಯಾಹ್ನ ನಾನು ಚಿಕ್ಕೋಡಿಯಿಂದ ಕಟ್ಟಡದವರು ಹಾಕುವ ಹಳದಿ ಟೊಪ್ಪಿಗೆ ನಾಲ್ಕು ತಂದೆ.

ಮಣ್ಣಿಗೆ ನೀರು ಚಿಮುಕಿಸಿ ಧೂಳು ಏಳದಂತೆ ಕೆರೆದು ಇಳಿಸಿದರು. ಅದನ್ನೆಲ್ಲಿ ಹಾಕುವುದು ಎಂಬ ನನ್ನ ಚಿಂತೆ ತಾಸಿನಲ್ಲಿ ಮುಗಿಯಿತು. ಹಳೆ ಮನೆಯ ಮಣ್ಣು ಹೊಲಕ್ಕೆ ಗೊಬ್ಬರ. ಕಬ್ಬಿನವರು, ತಂಬಾಕಿನವರು ಟ್ರ್ಯಾಕ್ಟರ್ ತಂದು ಸಾಲು ಹಚ್ಚಿದರು. ಮೊದಲು ಬಂದವರು ಯಾರೆಂದು ಅವರಲ್ಲಿ ಜಗಳವೂ ಆಯಿತು. ಆಯಿ ಕಾಕಾನ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತ, ನಡುನಡುವೆ, "ಗೌಂಡಿ, ನನ್ನ ಪಟ್ಟಿ?" ಎನ್ನುತ್ತಿದ್ದಳು.

"ಕಡೀಕ, ಆಯಿ."

ಮೂರನೆಯ ದಿನ ಮುಂಜಾನೆ ಜಂತಿ ಬಿಚ್ಚಿ ಪೂರ್ವದ ಗೋಡೆಯ ನೆತ್ತಿ ಬಯಲಾಯಿತು. ಗೌಂಡಿ ಅದರ ಮೇಲಿನ ಮಣ್ಣನ್ನು ಕೈಯಿಂದ ಸರಿಸಿದವನು ಹಾಗೇ ಕೂತುಬಿಟ್ಟ. "ಎಲ್ಲಾರೂ ಕೆಲಸ ನಿಂದರಸ್ರಿ," ಎಂದ. ಆಮೇಲೆ ನನ್ನನ್ನು ಕರೆದ. "ತಂಗಿ, ನಿಚ್ಚಣಿಕಿ ಹತ್ತಿ ಬಾ. ಇಲ್ಲಿ ಒಂದ ಕಾಗದ ಐತಿ, ಓದು."

ಹತ್ತಿ ನೋಡಿದೆ. ಕಾಗದವೇನೂ ಇರಲಿಲ್ಲ. ಎರಡು ಮೊಳ ದಪ್ಪದ ಗೋಡೆಯ ನೆತ್ತಿಯ ಮೇಲೆ ತೊಲೆಗಳ ತುದಿಗಳು ಸಾಲಾಗಿ ಮಲಗಿದ್ದವು. ನಮ್ಮದೊಂದು, ಕಾಕಾನದೊಂದು, ನಮ್ಮದೊಂದು, ಕಾಕಾನದೊಂದು. ಎರಡು ಕೈಗಳ ಬೆರಳು ಹೆಣೆದ ಹಾಗೆ. ಅವರ ತೊಲೆಗಳು ಗೋಡೆಯನ್ನು ಪೂರ್ತಿ ದಾಟಿ ನಮ್ಮ ಕಡೆಯ ಅಂಚಿನವರೆಗೆ ಬಂದಿದ್ದವು, ನಮ್ಮವು ಅವರ ಕಡೆಯ ಅಂಚಿನವರೆಗೆ. ಆಮೇಲೆ ತೂತು ಕೊರೆದು ಸೇರಿಸಿದ್ದಲ್ಲ. ಅವುಗಳ ಕೆಳಗಿನ ಕಲ್ಲು ಒಂದೇ, ಮಣ್ಣು ಒಂದೇ.

"ಒಂದ ದಿವಸ ಕಟ್ಟಿದ ಗ್ವಾಡಿ," ಎಂದ ಗೌಂಡಿ. "ಇದನ್ನ ನಾ ಮುಟ್ಟಂಗಿಲ್ಲ. ಒಂದ ಮೊಳ ಇಳಿಸಿದ್ರ ಸಾಕು, ಆ ಕಡೆ ಅಡಗಿಮನಿ ಕೆಳಗ."

ನಿಚ್ಚಣಿಕೆಯ ಮೇಲೆ ನಿಂತು ನಾನು ನನ್ನದೇ ವಾದವನ್ನು ಮೊದಲ ಸಲ ಎದುರಾಳಿಯಂತೆ ನೋಡಿದೆ. ಅದರ ತೂತು ಎಷ್ಟು ದೊಡ್ಡದಿತ್ತೆಂದರೆ ಎತ್ತಿನಗಾಡಿ ಹೋಗಬಹುದಿತ್ತು. ಅಣ್ಣ ತಮ್ಮ ಇಬ್ಬರು ತಮ್ಮೊಳಗೆ ಬರೆದುಕೊಂಡ ಪತ್ರ ಅದು. ನಾಲ್ಕೂ ಗೋಡೆ ನಮ್ಮವು ಎಂದು ಅವರು ಬರೆದುಕೊಂಡರೆ, ಅದರಲ್ಲಿ ಸಹಿಯೇ ಮಾಡದ ಮೂರನೆಯವನ ಹಕ್ಕು ಹೇಗೆ ಹೋದೀತು? ಕಾಕಾ ಈ ಒಂದು ಪ್ರಶ್ನೆ ಕೇಳಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ಅವರು ಕೇಳಲಿಲ್ಲ. ಎದುರಾಳಿ ಕೇಳದ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು ಎಂದು ಚರ್ಚೆಯಲ್ಲಿ ಯಾರೂ ಕಲಿಸುವುದಿಲ್ಲ, ಅದಕ್ಕೆ ಅಂಕವಿಲ್ಲ.

ನೇರವಾಗಿ ಅವರ ಮನೆಗೆ ಹೋದೆ. ಅಡುಗೆಮನೆ ಖಾಲಿಯಾಗಿತ್ತು. ಗೋಡೆಗೆ ಒತ್ತಿಟ್ಟ, ಹಿಂಬದಿಗೆ ಹಲಗೆಯಿಲ್ಲದ ಕಪಾಟು ಒಂದನ್ನು ಬಿಟ್ಟು ಪಾತ್ರೆ, ಡಬ್ಬಿ, ಗ್ಯಾಸ್ ಎಲ್ಲ ಪಡಸಾಲೆಗೆ ಬಂದಿದ್ದವು. ಮಾಳಿಗೆಗೆ ನಾಲ್ಕು ಬಿದಿರಿನ ಆಸರೆ ನಿಲ್ಲಿಸಿದ್ದರು. ಕಾಕು ಪಡಸಾಲೆಯ ಮೂಲೆಯಲ್ಲಿ ಕೂತು ಅಡುಗೆ ಮಾಡುತ್ತಿದ್ದರು. ಒಂದು ವಾರದಿಂದ ಹೀಗೆಯೇ. ಅವರು ನನ್ನ ವಾದವನ್ನು ನಂಬಿಬಿಟ್ಟಿದ್ದರು. ಅಷ್ಟು ಮರ್ಯಾದೆಯನ್ನು ಯಾವ ತೀರ್ಪುಗಾರರೂ ನನಗೆ ಕೊಟ್ಟಿರಲಿಲ್ಲ.

"ಕಾಕಾ, ಗ್ವಾಡಿ ಸಾಮಾಯಿಕನ ಐತ್ರಿ. ನಂದ ತಪ್ಪು. ಪತ್ರ ನಿಮಗ ಲಾಗೂ ಆಗಂಗಿಲ್ಲ. ನೀವು ಅವತ್ತ ಕೇಳಬೇಕಿತ್ತು."

"ಏನ ಕೇಳಬೇಕಿತ್ತು?"

ಹೇಳಿದೆ. ಕಾಕಾ ತಲೆ ಆಡಿಸಿ ಕೇಳಿದರು. "ಚಲೋ ಪ್ರಶ್ನಿ ಐತಿ. ನನಗ ಹೊಳೀಲಿಲ್ಲ ನೋಡು," ಎಂದು ನಕ್ಕರು. "ಅಲ್ಲವಾ, ಈಗ ನಾ ಗೆದ್ನ್ಯೋ, ನೀನ ನಿನ್ನ ಸೋಲಿಸಿಕೊಂಡ್ಯೋ?"

"ಯಾರರೆ ಗೆಲ್ಲವಲ್ರ್ಯಾಕ," ಎಂದರು ಕಾಕು ಮೂಲೆಯಿಂದ. "ನನ್ನ ಡಬ್ಬಿ ಒಳಗ ಇಡಾಕ ಬಾ."

ನಾನು ಡಬ್ಬಿಗಳನ್ನು ಒಳಗೆ ಸಾಗಿಸಿ, ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ನಮ್ಮ ಮನೆಗೆ ವಾಪಸು ಬಂದಾಗ ಆಯಿ ಅಡುಗೆಕೋಣೆಯಲ್ಲಿ ಹಳೆಯ ಒಲೆಯ ಪಕ್ಕ ಮೊಣಕಾಲೂರಿ ಕೂತಿದ್ದಳು. ಮೇಲೆ ಮಾಳಿಗೆ ಇಲ್ಲ, ತಲೆಯ ಮೇಲೆ ನೇರ ಬಿಸಿಲು. ಅಷ್ಟು ಬೆಳಕಿನಲ್ಲಿ ಆ ಕೋಣೆಯನ್ನು ನಾವ್ಯಾರೂ ನೋಡಿರಲಿಲ್ಲ.

"ನಿನಗ ಮೊದಲ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ನೀ ನನ್ನ ಕೇಳಿದ್ದ್ಯೇನ? ಕಾಗದ ಕೇಳಿದಿ. ಕಾಗದ ಹೇಳಿತು." ಗೋಡೆಯನ್ನು ಬೆರಳಿನಿಂದ ತಟ್ಟಿದಳು. "ನಾಕ ದಿನ ತಡದ್ರ ನಿನಗ ಗೊತ್ತಾಕ್ಕೈತಿ ಅಂದಕೊಂಡೆ. ಗ್ವಾಡಿಗೆ ಕೈ ಹಚ್ಚಿದ್ರ ನಾನ ಅಡ್ಡ ನಿಂದರತಿದ್ದೆ. ಇಲ್ಲಿ ಕೆದರು."

ನೀರು ಚಿಮುಕಿಸಿ ಕೆದರಿದೆ. ಸುಣ್ಣದ ಪದರು, ಸಗಣಿಯ ಪದರು, ಮತ್ತೆ ಸುಣ್ಣ. ಅದರ ಹಿಂದೆ ಒಂದು ತೆಳು ಕಲ್ಲು. ಗೌಂಡಿ ಅದನ್ನು ಮೆಲ್ಲನೆ ಎತ್ತಿದ. ಗೇಣಗಲದ ಕಿಂಡಿ. ಅದರೊಳಗೆ ಕೈ ಹಾಕಿ ಅವನೇ ಇನ್ನಷ್ಟು ಮಣ್ಣು ತೆಗೆದ. ಆ ಬದಿಯ ಕಲ್ಲು ಅಲುಗಿತು, ಡಬ್ಬಿಗಳು ಗಡಗಡ ಸದ್ದು ಮಾಡಿದವು. ಈಗಷ್ಟೇ ಜೋಡಿಸಿಟ್ಟ ಡಬ್ಬಿಗಳು.

"ಯಾರಲೇ ಅದು?" ಕಾಕುವಿನ ದನಿ. ಡಬ್ಬಿ ಸರಿಸಿದ್ದು ಕೇಳಿಸಿತು, ಕಲ್ಲು ಸರಿಯಿತು, ಕಿಂಡಿಯಲ್ಲಿ ಒಂದು ಕಣ್ಣು ಕಂಡಿತು.

"ನಾನ ಬೇ," ಎಂದಳು ಆಯಿ. "ಕೆಂಡ ಐತೇನು?"

ಆಚೆಯಿಂದ ಕಾಕು ನಕ್ಕರು ನೋಡಿ, ನಕ್ಕು ನಕ್ಕು ಕೆಮ್ಮು ಬಂತು.

ಆಯಿ ಆಗ ಹೇಳಿದ್ದು ಇದು. ಕಾಕಾನ ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯುತ್ತದೆ, ಒಲೆಗೆ ಕೆಲಸವಿರುವುದಿಲ್ಲ. ನಮ್ಮದು ಒಕ್ಕಲುತನದ ಮನೆ, ಹೊಲದಿಂದ ಬಂದ ಮೇಲೆ ಸಂಜೆಗೆ ಒಲೆ ಹೂಡುವುದು. ಅವರ ಒಲೆಯ ಕೆಂಡ ಹಂಚಿನ ಚೂರಿನ ಮೇಲೆ ಕೂತು ಈ ಕಿಂಡಿಯಿಂದ ನಮ್ಮ ಒಲೆಗೆ ಬರುತ್ತಿತ್ತು. ಮುಂಜಾನೆ ಉಲ್ಟಾ: ನಾವು ಕತ್ತಲಿರುವಾಗಲೇ ರೊಟ್ಟಿಗೆ ಏಳುವವರು, ಅವರು ಸೂರ್ಯ ಹುಟ್ಟಿದ ಮೇಲೆ ಒಲೆ ಹಚ್ಚುವವರು. ನಮ್ಮ ಕೆಂಡ ಆ ಕಡೆ ಹೋಗುತ್ತಿತ್ತು. ಎರಡೂ ಮನೆಯಲ್ಲಿ ಕಡ್ಡಿಪೆಟ್ಟಿಗೆಯ ಕೆಲಸ ದೇವರ ದೀಪಕ್ಕೆ ಮಾತ್ರ. ಎರಡೂ ಕಡೆ ಗ್ಯಾಸ್ ಬಂದ ಮೇಲೆ ಇಲಿ ಓಡಾಡುತ್ತವೆ ಎಂದು ಮುಚ್ಚಿಬಿಟ್ಟರು.

ಇದು ಗೋಡೆಯ ಮಾಲಿಕತ್ವಕ್ಕೆ ಪುರಾವೆಯೇ ಎಂದು ಕೇಳಿದರೆ, ಕಟ್ಟುನಿಟ್ಟಾಗಿ ಅಲ್ಲ. ಬೇರೆಯವರ ಗೋಡೆಯಲ್ಲೂ ಕೇಳಿಕೊಂಡು ಕಿಂಡಿ ಕೊರೆಯಬಹುದು. ಪುರಾವೆ ತೊಲೆಗಳೇ. ಕಿಂಡಿ ಬರೀ ಸಂತೋಷ.

ಸುಳ್ಳು ಅರ್ಜಿಯ ಮೇಲೆ ಕೆಲಸ ಮುಂದುವರಿಸುವಂತಿರಲಿಲ್ಲ. ಗೌಂಡಿ ಬೇಸಿಗೆಯ ಅಡ್ಡಮಳೆಗೆ ಹೆದರಿ ಗೋಡೆಯ ನೆತ್ತಿಗೆ ತಾಡಪತ್ರಿ ಹೊದಿಸಿದ. ನೆತ್ತಿ ನೆನೆದರೆ ಎರಡೂ ಮನೆಗೆ ಕೇಡು. ಆ ಸಂಜೆ ಎರಡೂ ಮನೆಯವರನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿ ಕರಾರು ಪತ್ರ ಬರೆದೆ. ಗೋಡೆ ಉಭಯತರದ್ದು. ಯಾರೂ ಒಬ್ಬರೇ ತೆಗೆಯತಕ್ಕದ್ದಲ್ಲ. ನಮ್ಮ ತೊಲೆ ತೆಗೆದ ಜಾಗವನ್ನು ಕಲ್ಲಿನಿಂದ ತುಂಬಿ, ನೆತ್ತಿಗೆ ಸಿಮೆಂಟ್ ಹೊದಿಕೆಯನ್ನು ನಾವೇ ಮಾಡಿಸತಕ್ಕದ್ದು. ಇಲ್ಲಿಯವರೆಗೆ ಸರಾಗ. ಕಲಮು ನಾಲ್ಕು, ಕಿಂಡಿಗೆ ಬಂದಾಗ ಜಗಳ ಹತ್ತಿತು.

"ಮುಚ್ಚೂದ ಬ್ಯಾಡ," ಎಂದರು ಕಾಕಾ. "ಆದ್ರ ಒಂದ ಕದಾ ಇರ್ಲಿ. ನಿಮ್ಮ ಬಳ್ಳೊಳ್ಳಿ ಚಟ್ನಿ ವಾಸನಿ ನಮ್ಮ ಮನ್ಯಾಗ ಬರಬಾರದು."

"ಇರ್ಲಿ. ಚಿಲಕಾ ನಮ್ಮ ಕಡೆ," ಎಂದಳು ಆಯಿ.

"ವಾಸನಿ ಬರೂದು ನಮಗ, ಚಿಲಕಾ ನಿಮ್ಮ ಕಡೆ ಯಾಕ?" ಎಂದರು ಕಾಕು.

"ಹಂಗಾರ ನೀವು ಚಿಲಕಾ ಹಾಕ್ಕೊಂಡು ಮಲಕೊಂಡ್ರ ನಾ ಯಾರ ಜೋಡಿ ಮಾತಾಡ್ಲಿ?"

ಎರಡೂ ಕಡೆ ಒಂದೊಂದು ಕದ, ಒಂದೊಂದು ಚಿಲಕ ಎಂದು ನಾನು ಸೂಚಿಸಿದೆ. ಇಬ್ಬರೂ ಒಪ್ಪಿದರೆ ಮಾತ್ರ ತೆರೆಯುತ್ತದೆ. ಪರ-ವಿರೋಧ ಎರಡೂ ಒಂದೇ ಸಲ ಒಪ್ಪಿದ್ದು ನನ್ನ ಅನುಭವದಲ್ಲಿ ಅದೇ ಮೊದಲು.

ಮರುದಿನ ಪಂಚಾಯಿತಿಯ ಗುಮಾಸ್ತರು ಹೊಸ ಅರ್ಜಿ ನೋಡಿ, "ಮೊದಲ ಇಲ್ಲ ಅಂತ ಬರದಿದ್ರಿ?" ಎಂದರು.

"ತಪ್ಪ ಬರದಿದ್ದೆ ರೀ."

"ಯಾರ ಹೇಳಿ ಬರಸಿದ್ರು?"

"ನಾನ."

ಅವರು ಕರಾರು ಪತ್ರ ಓದುತ್ತ ನಾಲ್ಕನೆಯ ಕಲಮಿಗೆ ಬಂದು ನಿಂತರು, ಕನ್ನಡಕ ತೆಗೆದು ಒರೆಸಿದರು, ಪಕ್ಕದ ಮೇಜಿನವರನ್ನು ಕರೆದು ಓದಿ ಹೇಳಿದರು. ಆಮೇಲೆ ಜಾಗ ನೋಡಲು ಬಂದಾಗ ಗೋಡೆಯ ನೆತ್ತಿಗಿಂತ ಮೊದಲು ಕಿಂಡಿಯನ್ನೇ ನೋಡಿದರು. ತಿದ್ದಿದ ಪರವಾನಗಿ ಬಂತು: ಮೂರು ಗೋಡೆ, ಮಾಳಿಗೆ, ಒಳಗಿನ ಅಡ್ಡಗೋಡೆ.

ಮುಂದಿನ ಕೆಲಸ ಸಲೀಸು. ವಾಲಿದ ಗೋಡೆ ಮೇಲಿನಿಂದ ಒಂದೊಂದೇ ಸುತ್ತು ಇಳಿಯಿತು. ಗಲ್ಲಿಗೆ ಒಂದು ಹೆಂಟೆಯೂ ಬೀಳಲಿಲ್ಲ. ತೊಲೆ, ಕಂಬ ನಿಪ್ಪಾಣಿಯ ಹಳೆ ಕಟ್ಟಿಗೆಯವರ ಗಾಡಿ ಹತ್ತಿದವು. ಕಲ್ಲನ್ನು ಹೊಸ ಪಾಯಕ್ಕೆ ಒಟ್ಟಿದೆವು. ಕೊನೆಗೆ ನಡುಬಯಲಿನಲ್ಲಿ ಒಂದೇ ಒಂದು ನಿಂತಿತ್ತು. ಅಡುಗೆಕೋಣೆಯ ಬಾಗಿಲಿನ ಚೌಕಟ್ಟು, ಎರಡೂ ಬದಿಗೆ ಮೊಣಕಾಲೆತ್ತರದ ಮಣ್ಣು.

ಗೌಂಡಿ ಅಡ್ಡಪಟ್ಟಿಯನ್ನು ಸಡಿಲ ಮಾಡಿ, ಇಬ್ಬರಿಂದ ಹಿಡಿಸಿ, ಹಳದಿ ಟೊಪ್ಪಿಗೆಯನ್ನು ಆಯಿಯ ತಲೆಗೆ ಇಟ್ಟ. ಸುತ್ತಿಗೆ ಕೊಟ್ಟ. ಇಡೀ ಗಲ್ಲಿ ಹಗ್ಗದ ಆಚೆ ನಿಂತಿತ್ತು. ಆಯಿ ಪಟ್ಟಿಯನ್ನು ಒಂದು ಸಲ ಕೈಯಿಂದ ಸವರಿದಳು. ಎಲ್ಲಿ ಹಣೆ ಬಡಿಯುತ್ತಿತ್ತೋ ಆ ಜಾಗ ನುಣ್ಣಗಾಗಿತ್ತು. "ಹುಂ, ನಡಿ," ಎಂದು ಬಡಿದಳು. ಪಟ್ಟಿ ಕಳಚಿ ಹಿಡಿದವರ ಕೈಗೆ ಬಂತು.

ಈಗ ಮೇಲೆ ಆಕಾಶ ಬಿಟ್ಟರೆ ಏನಿಲ್ಲ. ಆಯಿ ಟೊಪ್ಪಿಗೆ ತೆಗೆದು ಅಪ್ಪನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಎರಡು ಕಂಬಗಳ ನಡುವೆ ಒಳಗೆ ಹೆಜ್ಜೆ ಇಟ್ಟಳು. ಇಡುವಾಗ ಬಗ್ಗಿದಳು.

ಗಲ್ಲಿ ಹೋ ಎಂದು ನಕ್ಕಿತು. ಆಯಿ ಒಳಗೆ ನಿಂತು ತಿರುಗಿ ನೋಡಿದಳು, ತಾನೂ ನಕ್ಕಳು, ಹೊರಗೆ ಬಂದು ಇನ್ನೊಮ್ಮೆ ಹೋದಳು. ಎರಡನೆಯ ಸಲ ಕುತ್ತಿಗೆ ಮಾತ್ರ ಬಗ್ಗಿತು. ಮೂರನೆಯ ಸಲ ನೆಟ್ಟಗೆ ನಡೆದು ಸೀದಾ ಹೋಗಿ ಪೂರ್ವದ ಗೋಡೆಗೆ ಬೆನ್ನು ಹಚ್ಚಿ ನಿಂತಳು. "ಗೌಂಡಿ, ಅಳತಿ ತಕ್ಕೋ. ಹೊಸ ಬಾಗಲಾ ಇದರ ಮ್ಯಾಲೆ ಇರಬೇಕು."

ಗೌಂಡಿ ಇದ್ದಿಲಿನಿಂದ ಅವಳ ನೆತ್ತಿಯ ಮಟ್ಟಕ್ಕೆ ಗೆರೆ ಎಳೆಯಲು ಕೈ ಎತ್ತಿದ. ಆಗ ಅವಳ ಮೊಣಕಾಲ ಹತ್ತಿರ, ಕಿಂಡಿಯೊಳಗಿನಿಂದ ಕಾಕಾನ ದನಿ ಬಂತು.

"ಸಾಮಾಯಿಕ ಗ್ವಾಡಿ ಮ್ಯಾಲೆ ಗೆರಿ ಹೊಡ್ಯಾಕತ್ತೀರಿ. ಕಾಗದ ಐತೇನವಾ?"

ವಹಿಯಿಂದ ಒಂದು ಹಾಳೆ ಹರಿದು, 'ಗೆರೆ ಎಳೆಯಲು ನನ್ನ ತಕರಾರಿಲ್ಲ' ಎಂದು ಬರೆದು, ಪೆನ್ನಿನೊಂದಿಗೆ ಕಿಂಡಿಯಲ್ಲಿ ತೂರಿಸಿದೆ. ಸ್ವಲ್ಪ ಹೊತ್ತಿಗೆ ಹಾಳೆ ವಾಪಸು ಬಂತು. ಕೆಳಗೆ ಕಾಕಾನ ಸಹಿ. ಸಹಿಯ ಕೆಳಗೆ ಕಾಕುವಿನ ಅಕ್ಷರದಲ್ಲಿ ಒಂದು ಸಾಲು: 'ನಾಕ ಬೆರಳ ಹೆಚ್ಚಿಗಿ ಇರಲಿ.'

ಗೌಂಡಿ ಆಯಿಯ ನೆತ್ತಿಯ ಮೇಲೆ ನಾಲ್ಕು ಬೆರಳು ಇಟ್ಟು, ಅದರ ಮೇಲೆ ಗೆರೆ ಎಳೆದ.